ಚಹಾ ಕುಡಿಯಬಹುದೇ, ಕಾಕಾ?

ಅಣ್ಣನ ಮಗನಿಗೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯ ಹುದ್ದೆ ಸಿಕ್ಕಿತು. ಆದೇಶದ ಪ್ರತಿ ಕೈಗೆ ಬಂದ ಮರುದಿನವೇ ಪೇಢೆಯ ಡಬ್ಬಿ ಹಿಡಿದುಕೊಂಡು ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದ. ಕಾಲಿಗೆರಗಿದ. ಅವನ ಕಾಕಿ ಕೊಟ್ಟ ಚುರುಮುರಿ ಚೂಡಾ ಮುಗಿಸಿ, ಚಹಾದ ಕಪ್ಪು ಕೆಳಗಿಡುತ್ತ ಕೇಳಿದ: “ಕಾಕಾ, ಒಂದು ಮಾತು ನೇರವಾಗಿ ಹೇಳಿ. ಚಹಾ ಕುಡಿಯಬಹುದೇ?”

ಇನ್ನೊಂದು ಕಪ್ಪು ಬೇಕೇನೋ ಎಂದುಕೊಂಡು ನನ್ನ ಹೆಂಡತಿ ಎದ್ದಳು. ಅವನು ಕೇಳಿದ್ದು ಈ ಚಹಾದ ಬಗ್ಗೆ ಅಲ್ಲ. ಪಂಚಾಯಿತಿ ಕಚೇರಿಯ ಎದುರಿನ ಹೋಟೆಲಿನಿಂದ ಗುತ್ತಿಗೆದಾರ ಹೇಳಿ ಕಳಿಸುತ್ತಾನಲ್ಲ, ಆ ಚಹಾ. ಅರ್ಧ ಕಪ್ಪು, ಸಕ್ಕರೆ ಹೆಚ್ಚು, ಜೊತೆಗೆ ಎರಡು ಬಿಸ್ಕತ್ತು. ಬೇಡ ಎಂದರೆ “ಚಹಾಕ್ಕೂ ಬೇಡವೇ ಸಾಹೇಬರೇ?” ಎಂಬ ಮಾತು ಬರುತ್ತದೆ. ಬೇಕು ಎಂದರೆ ಯಾವ ಮಾತೂ ಬರುವುದಿಲ್ಲ. ಹೆದರಬೇಕಾದದ್ದು ಎರಡನೆಯದಕ್ಕೆ.

ನಾನು ನಕ್ಕೆ. ಆದರೆ ಉತ್ತರ ಹೇಳಲು ಬಾಯಿ ತೆರೆದಾಗ ಮಾತೇ ಬರಲಿಲ್ಲ. 1988ರಲ್ಲಿ ಮಂಡಲ ಪಂಚಾಯಿತಿಯ ಕಾರ್ಯದರ್ಶಿಯಾಗಿ ಸೇವೆಗೆ ಸೇರಿದವನು ನಾನು. 1993ರ ಪಂಚಾಯತ್ ರಾಜ್ ಕಾಯ್ದೆ ಬಂದು ಮಂಡಲಗಳು ಹೋಗಿ ಗ್ರಾಮ ಪಂಚಾಯಿತಿಗಳಾದದ್ದನ್ನು ನೋಡಿದ್ದೇನೆ. ಕೈಬರಹದ ಲೆಕ್ಕದ ಪುಸ್ತಕ ಕಂಪ್ಯೂಟರಿಗೆ ಹೋದದ್ದನ್ನೂ ನೋಡಿದ್ದೇನೆ. 31 ವರ್ಷ ಸಹಿ ಹಾಕಿ ನಿವೃತ್ತನಾದ ಮನುಷ್ಯನಿಗೆ ಒಂದು ಕಪ್ಪು ಚಹಾದ ಪ್ರಶ್ನೆಗೆ ಉತ್ತರ ಗೊತ್ತಿರಬೇಡವೇ?

ಪುಸ್ತಕದ ಉತ್ತರ ಗೊತ್ತಿತ್ತು. ನಾವು ಓದಿ ಪರೀಕ್ಷೆ ಬರೆದದ್ದು ಸರ್ಕಾರಿ ನೌಕರರ 1966ರ ನಡತೆ ನಿಯಮಗಳನ್ನು. 2021ರಲ್ಲಿ ಅವುಗಳ ಜಾಗಕ್ಕೆ ಹೊಸ ನಿಯಮಗಳು ಬಂದವು. ನಮ್ಮ ಕಾಲದ ನಿಯಮಗಳ ಪ್ರಕಾರ ನೌಕರ ಉಡುಗೊರೆ ಪಡೆಯಬಾರದು. ಅಪರೂಪಕ್ಕೊಮ್ಮೆ ಮಾಡುವ ಊಟ, ವಾಹನದಲ್ಲಿ ಕರೆದೊಯ್ಯುವುದು, ಇಂಥ ಸಾಮಾನ್ಯ ಉಪಚಾರ ಉಡುಗೊರೆಯ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಚೇರಿಯ ವ್ಯವಹಾರ ಇರುವವರಿಂದ ಅದ್ದೂರಿ ಆತಿಥ್ಯವನ್ನೂ, ಪದೇ ಪದೇ ಆತಿಥ್ಯವನ್ನೂ ತಪ್ಪಿಸಬೇಕು. ಮದುವೆ, ಮುಂಜಿ, ಹಬ್ಬಗಳಲ್ಲಿ ಹತ್ತಿರದ ಬಂಧುಗಳು ವಾಡಿಕೆಯಂತೆ ಕೊಡುವುದನ್ನು ಸ್ವೀಕರಿಸಬಹುದು. ಮಿತಿ ಮೀರಿದರೆ ಸರ್ಕಾರಕ್ಕೆ ವರದಿ ಮಾಡಬೇಕು. ಬರೆದವರು ಬುದ್ಧಿವಂತರು, ತಕರಾರಿಲ್ಲ. ಆದರೆ ಅವರು ಸಚಿವಾಲಯದಲ್ಲಿ ಕುಳಿತು ಬರೆದರು. ಅಲ್ಲಿ ಕಡತ ತರುವವನು ಯಾರೋ, ಸಹಿ ಹಾಕುವವನು ಯಾರೋ. ಹಳ್ಳಿಯ ಪಂಚಾಯಿತಿಯಲ್ಲಿ ಗುತ್ತಿಗೆದಾರನ ತಾಯಿ ನಮ್ಮ ತಾಯಿಯ ತವರೂರಿನವಳು. ಅಧ್ಯಕ್ಷೆಯ ಗಂಡ ನನ್ನ ಜೊತೆ ಏಳನೆಯ ಇಯತ್ತೆ ಓದಿದವನು. ಬಿಲ್ ಕಲೆಕ್ಟರ್ ನನ್ನ ಬೀಗರ ಓಣಿಯವನು. ‘ಪದೇ ಪದೇ’ ಎಂದರೆ ಎಷ್ಟು ಸಲ? ನಾನು ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಮೂವರ ಆತಿಥ್ಯ ಮುಗಿದಿರುತ್ತಿತ್ತು.

ಹುಡುಗ ಕಾಯುತ್ತಿದ್ದ. ಹೆಂಡತಿ ಒಳಗೆ ಹೋಗಿ ಟ್ರಂಕ್ ತೆರೆದ ಸದ್ದು ಕೇಳಿಸಿತು. ಹೊರಗೆ ಬಂದವಳ ಕೈಯಲ್ಲಿ ಒಂದು ಗುಳೇದಗುಡ್ಡದ ಖಣ, ಕುಪ್ಪಸದ ಬಟ್ಟೆ, ಇತ್ತು. ಹಸಿರು ಮೈ, ಕೆಂಪು ಅಂಚು, ಮಡಿಕೆಯ ಗೆರೆಗಳಲ್ಲಿ ಬಣ್ಣ ತುಸು ಮಾಸಿದೆ. ಅವನ ಕೈಗೆ ಕೊಟ್ಟಳು.

“ಚೆನ್ನಾಗಿದೆಯಲ್ಲ ಕಾಕಿ, ಯಾಕೆ ಹೊಲಿಸಲಿಲ್ಲ?”

“ನಿಮ್ಮ ಕಾಕಾನನ್ನೇ ಕೇಳು” ಎಂದು ಅಡುಗೆಮನೆಗೆ ಹೋದಳು.

ಅದು 2009ರ ಮಾತು. ಬನದ ಹುಣ್ಣಿಮೆ ಮುಗಿದಿತ್ತು, ಬಾದಾಮಿಯ ಬನಶಂಕರಿಯ ತೇರು ಎಳೆದು ನಾಲ್ಕೈದು ದಿನವಾಗಿತ್ತು, ಜಾತ್ರೆ ಇನ್ನೂ ನಡೆದಿತ್ತು. ನಾನಾಗ ಮಲಪ್ರಭೆಯ ದಂಡೆಯ ಒಂದು ಪಂಚಾಯಿತಿಯಲ್ಲಿ ಕಾರ್ಯದರ್ಶಿ. ಊರಿನ ಗುತ್ತಿಗೆದಾರನೊಬ್ಬ ಜಾತ್ರೆಗೆ ನಮ್ಮಿಬ್ಬರನ್ನೂ ಕರೆದ. ಅವನ ಸಂಬಂಧಿಕರ ಬಿಡಾರದಲ್ಲಿ ರೊಟ್ಟಿ, ಕಾಳಿನ ಪಲ್ಯ, ಮಾದಲಿ. ಊಟವಾದ ಮೇಲೆ ಅವನ ಹೆಂಡತಿ ನನ್ನ ಹೆಂಡತಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ಅಡಿಕೆ, ಬಾಳೆಹಣ್ಣು, ಎಲ್ಲದರ ಮೇಲೆ ಈ ಖಣ. “ತಂಗಿ ಎಂದುಕೊಂಡು ತುಂಬಿದ್ದೇನೆ, ಅಕ್ಕನ ಮನೆ ಮರೆಯಬೇಡ” ಎಂದಳು. ನನ್ನ ಹೆಂಡತಿಯ ಕಣ್ಣು ತುಂಬಿತು. ಅವಳಿಗೆ ಒಡಹುಟ್ಟಿದ ಅಕ್ಕಂದಿರಿಲ್ಲ.

ಉಡಿಯನ್ನು ಬೇಡ ಎನ್ನಲು ಬರುತ್ತದೆಯೇ? ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿಯ ಉಡಿಯಲ್ಲಿ ಕಳಿಸುವುದಿಲ್ಲ. ಉಡಿ ನಿರಾಕರಿಸುವುದೆಂದರೆ ಕೊಟ್ಟವಳ ಮುತ್ತೈದೆತನವನ್ನೇ ನಿರಾಕರಿಸಿದ ಹಾಗೆ. ಆ ಖಣದ ಬೆಲೆ ಆಗ 60 ರೂಪಾಯಿ ಇದ್ದೀತು. ಯಾವ ನಿಯಮದ ಮಿತಿಯೂ ಮೀರಿರಲಿಲ್ಲ. ಗುತ್ತಿಗೆದಾರ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ. ಇದನ್ನು ಅವನ ಪರವಾಗಿಯೇ ಹೇಳುತ್ತಿದ್ದೇನೆ.

ಮಾರ್ಚ್ ಕೊನೆಗೆ ಬಿಲ್ಲುಗಳ ಸುಗ್ಗಿ. ಹಣ ವಾಪಸು ಹೋಗಬಾರದೆಂದು ಒಂದು ವಾರದಲ್ಲಿ ವರ್ಷದ ಸಹಿಗಳನ್ನೆಲ್ಲ ಹಾಕುವ ಕಾಲ. ಅವನು ಮಾಡಿದ ಚರಂಡಿಯ ಬಿಲ್ಲೂ ಬಂತು. ಎಂಜಿನಿಯರ್ ಅಳತೆ ಪುಸ್ತಕದಲ್ಲಿ 120 ಮೀಟರ್ ಎಂದು ಬರೆದಿದ್ದರು. ಚೆಕ್ಕಿಗೆ ಸಹಿ ಹಾಕುವ ಮುಂಚೆ ನಾನು ಕಾಮಗಾರಿಯ ಉದ್ದಕ್ಕೂ ಒಮ್ಮೆ ನಡೆದು ಬರುತ್ತಿದ್ದೆ. ಯಾರೂ ಹೇಳಿಕೊಟ್ಟದ್ದಲ್ಲ. ಹೆಜ್ಜೆ ಎಣಿಸುವುದು ನನ್ನ ಚಾಳಿ, ಅಷ್ಟೇ. ಆ ಸಲ ನಡೆಯಲಿಲ್ಲ. ಬಿಸಿಲು ಜೋರಾಗಿತ್ತು ಎಂದುಕೊಂಡೆ. ಕೆಲಸ ಬಹಳ ಇತ್ತು ಎಂದುಕೊಂಡೆ. ಎರಡೂ ನಿಜ. ಆದರೆ ಅದೇ ವಾರ ಬೇರೆಯವನ ಶಾಲಾ ಕಾಂಪೌಂಡಿಗೆ ಅದೇ ಬಿಸಿಲಿನಲ್ಲಿ ಎರಡು ಸಲ ಹೋಗಿ ಬಂದಿದ್ದೆ. ಸಹಿ ಹಾಕಿದೆ. ಅಧ್ಯಕ್ಷರ ಸಹಿಯೂ ಬಿತ್ತು.

ಲಂಚ ಕೇಳಲಿಲ್ಲ, ಕೊಡಲಿಲ್ಲ, ಪಡೆಯಲಿಲ್ಲ. ಒಬ್ಬ ಮನುಷ್ಯ ಒಂದು ಓಣಿಗೆ ನಡೆದು ಹೋಗಲಿಲ್ಲ, ಅಷ್ಟೇ ಆದದ್ದು.

ಸಿಕ್ಕಿಬಿದ್ದದ್ದು ಜಮಾಬಂದಿಯಲ್ಲಿ. ಪೇಟೆಯಲ್ಲಿರುವ ಓದುಗರಿಗೆ ಈ ಶಬ್ದ ಕಂದಾಯ ಇಲಾಖೆಯದೆಂದು ತೋರಬಹುದು. ಗ್ರಾಮ ಪಂಚಾಯಿತಿಗಳಿಗೂ ಜಮಾಬಂದಿ ಇದೆ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬರುತ್ತಾರೆ. ಹಿಂದಿನ ವರ್ಷದ ಜಮಾ ಖರ್ಚು, ಕಾಮಗಾರಿಗಳ ಪಟ್ಟಿ, ವೋಚರುಗಳು, ಅಳತೆ ಪುಸ್ತಕ ಎಲ್ಲವನ್ನೂ ಜನರ ಮುಂದಿಟ್ಟು ಓದಬೇಕು. ಕಾಮಗಾರಿಗಳ ಜಾಗಕ್ಕೂ ಹೋಗಿ ನೋಡಬೇಕು. ಬಹಳ ಕಡೆ ಇದು ಬೇಸಿಗೆಯ ಮಳೆಯಂತೆ ನಾಲ್ಕು ಹನಿ ಉದುರಿಸಿ ಹೋಗುತ್ತದೆ. ಹತ್ತು ಜನರ ಹೆಬ್ಬೆಟ್ಟು, ಒಂದು ಫೋಟೋ, ಅಧಿಕಾರಿಗೆ ಶಾಲು, ಮುಗಿಯಿತು. ನಮ್ಮದೂ ಹಾಗೆಯೇ ಮುಗಿಯುವುದಿತ್ತು.

ನಾನೇ ಪಟ್ಟಿ ಓದುತ್ತಿದ್ದೆ. “ಚರಂಡಿ, 120 ಮೀಟರ್” ಎಂದಾಗ ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ತಲೆಯ ಮೇಲೆ ಸೆರಗು, ಸೊಂಟದ ಮೇಲೆ ಮೊಮ್ಮಗು. “ಎಲ್ಲಿಂದ ಎಲ್ಲಿಯವರೆಗೆ ಎಂದು ಓದಿ” ಎಂದಳು. ಓದಿದೆ. ಪುಸ್ತಕದ ಪ್ರಕಾರ ಚರಂಡಿ ಅವಳ ಮನೆಯನ್ನು ದಾಟಿ ಹಳ್ಳ ಸೇರಿತ್ತು. “ಹಾಗಾದರೆ ನನ್ನ ಬಾಗಿಲ ಮುಂದೆ ನಿಂತ ನೀರು ಯಾವ ಚರಂಡಿಯದು?” ಎಂದು ಕೇಳಿದಳು.

ಜನ ನಕ್ಕರು. ಆಮೇಲೆ ನಗು ನಿಂತಿತು. ಬಂದಿದ್ದ ಅಧಿಕಾರಿ ಹುಡುಗ ವಯಸ್ಸಿನವರು, ಎದ್ದರು. ಪಂಚಾಯಿತಿಯಲ್ಲಿ ಉದ್ದದ ಟೇಪ್ ಇರಲಿಲ್ಲ. ಶಾಲೆಯಿಂದ ಮಾಸ್ತರರು ಆಟೋಟದ ಟೇಪ್ ತಂದರು. ಉದ್ದ ಜಿಗಿತ ಅಳೆಯುವ, ತುದಿ ಹರಿದು ಗಂಟು ಹಾಕಿದ ಟೇಪ್. ಒಂದು ತುದಿ ಏಳನೆಯ ಇಯತ್ತೆಯ ಹುಡುಗನ ಕೈಯಲ್ಲಿ, ಇನ್ನೊಂದು ಅಧಿಕಾರಿಯ ಕೈಯಲ್ಲಿ. ಊರು ಹಿಂದೆ, ನಾನು ಎಲ್ಲರಿಗಿಂತ ಹಿಂದೆ. 104 ಮೀಟರಿಗೆ ಚರಂಡಿ ಮುಗಿಯಿತು. ಅಲ್ಲಿಂದ ಮುಂದೆ ಅವಳ ಅಂಗಳ, ಕಪ್ಪು ನೀರು, ಅದರಲ್ಲಿ ಒಂದು ಹಂದಿ ಮಲಗಿತ್ತು. ನಾನು ಮಾರ್ಚ್ ತಿಂಗಳಲ್ಲಿ ನಡೆಯದೆ ಉಳಿಸಿಕೊಂಡ ದೂರ ಅದು.

16 ಮೀಟರಿನ ಲೆಕ್ಕ 14 ಸಾವಿರ ಚಿಲ್ಲರೆ ಬಂತು. ನೋಟಿಸು, ಸಮಜಾಯಿಷಿ, ವಸೂಲಿ. ನನ್ನ ಪಾಲು ಸಂಬಳದಲ್ಲಿ ಕಡಿತವಾಯಿತು. ಗುತ್ತಿಗೆದಾರ ಉಳಿದ ಚರಂಡಿಯನ್ನು ದೀಪಾವಳಿಯೊಳಗೆ ಕಟ್ಟಿಸಿದ, ಗೊಣಗದೆ. ಲೆಕ್ಕಪರಿಶೋಧನೆಯಲ್ಲಿ ಇದು ಒಂದು ಆಕ್ಷೇಪಣೆಯ ಕಂಡಿಕೆಯಾಯಿತು. ಅನುಪಾಲನಾ ವರದಿ ಕಳಿಸಿ ಆ ಕಂಡಿಕೆ ತೀರುವಳಿ ಆಗಲು ಎಷ್ಟು ವರ್ಷ ಹಿಡಿಯಿತೆಂದರೆ, ಅಷ್ಟರಲ್ಲಿ ನನಗೆ ಎರಡು ಸಲ ವರ್ಗವಾಗಿತ್ತು. ಮುಂದಿನ ಜಾತ್ರೆಯಲ್ಲಿ ‘ಅಕ್ಕ’ ಎದುರಾದಳು. ನನ್ನ ಹೆಂಡತಿ ನಕ್ಕಳು, ಅವಳು ಬಳೆಯಂಗಡಿಯ ಕಡೆ ತಿರುಗಿದಳು. ಅಂದು ರಾತ್ರಿ ಖಣ ಟ್ರಂಕಿನ ತಳ ಸೇರಿತು. ಹೊಲಿಸಲು ಮನಸ್ಸಿಲ್ಲ, ಯಾರಿಗಾದರೂ ಕೊಡೋಣವೆಂದರೆ ಉಡಿಯಲ್ಲಿ ಬಂದದ್ದು.

ಹುಡುಗ ಖಣವನ್ನು ಮಡಚಿ ಮಂಚದ ಮೇಲಿಟ್ಟ. “ಅವರು ಬೇಕೆಂದೇ ತುಂಬಿದರೋ, ಪ್ರೀತಿಯಿಂದಲೋ?” ಎಂದ. ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಎರಡೂ ಇದ್ದೀತು. ಪ್ರೀತಿಯಿಂದಲೇ ತುಂಬಿದ್ದಳು ಎಂದು ಇಟ್ಟುಕೊಂಡರೂ ಹಂದಿ ಮಲಗಿದ್ದು ಅಲ್ಲಿಯೇ ತಾನೆ?

ಇದಕ್ಕೆ ಹೋಲಿಸಿದರೆ ನಿಜವಾದ ಲಂಚ ಎಷ್ಟು ಸಲೀಸು ಎಂದು ಎಷ್ಟೋ ಸಲ ಅನಿಸಿದೆ. ಅದನ್ನೂ ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಲೋಕಾಯುಕ್ತ ಪೊಲೀಸರು ಬಲೆ ಹಾಕುವಾಗ ಪಂಚರಾಗಿ, ಎಂದರೆ ಸಾಕ್ಷಿಗಳಾಗಿ, ಬೇರೆ ಇಲಾಖೆಯ ನೌಕರರನ್ನು ಕರೆಸುತ್ತಾರೆ. ಒಮ್ಮೆ ನನ್ನ ಪಾಳಿ ಬಂತು. ದೂರುದಾರ ತಂದ ನೋಟುಗಳ ನಂಬರುಗಳನ್ನು ಒಂದೊಂದಾಗಿ ನಮ್ಮಿಂದ ಓದಿಸಿ ಬರೆದುಕೊಂಡರು. ನೋಟುಗಳಿಗೆ ಬಿಳಿ ಪುಡಿ ಸವರಿದರು, ಫಿನಾಫ್ತಲೀನ್. ಗಾಜಿನ ಲೋಟದಲ್ಲಿ ಸೋಡಿಯಂ ಕಾರ್ಬೊನೇಟಿನ ನೀರು, ಬಾವಿಯ ನೀರಿನಂತೆ ತಿಳಿ. ಪುಡಿ ಮುಟ್ಟಿದ ಬೆರಳು ಅದ್ದಿದರೆ ಗುಲಾಬಿ. ಮಧ್ಯಾಹ್ನ ಸಿಕ್ಕಿಬಿದ್ದವನ ಬಲಗೈ ಅದ್ದಿಸಿದಾಗ ಆ ಬಣ್ಣವನ್ನು ನೋಡಿದೆ. ಬಾಗಲಕೋಟೆಯವನಿಗೆ ಬಣ್ಣದ ನೀರು ಹೊಸದಲ್ಲ. ನಮ್ಮೂರ ಹೋಳಿಯಲ್ಲಿ ಬಂಡಿಗಳ ಮೇಲೆ ಹಂಡೆ ಹಂಡೆ ಬಣ್ಣ ಹೊತ್ತು ದಿನಗಟ್ಟಲೆ ಆಡುತ್ತಾರೆ. ಆದರೆ ಈ ಬಣ್ಣ ಬೇರೆ. ಅವನು ತನ್ನ ಕೈಯನ್ನು ಬೇರೆಯವನ ಕೈ ಎಂಬಂತೆ ನೋಡುತ್ತಿದ್ದ. ನೀರನ್ನು ಬಾಟಲಿಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ನಾನು ಚೀಟಿಯ ಮೇಲೆ ಸಹಿ ಹಾಕಿದೆ. ಮನೆಗೆ ಬಂದು ಊಟಕ್ಕೆ ಮುಂಚೆ ಕೈ ತೊಳೆಯುವಾಗ ಬೆರಳುಗಳನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡೆ. ಖಣಕ್ಕೆ ಹಚ್ಚುವ ಪುಡಿಯನ್ನು ಯಾರೂ ಕಂಡುಹಿಡಿದಿಲ್ಲ.

ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ತಿಳಿಸಿದರೆ ಪಾರು. ಹಳ್ಳಿಯ ಮುದುಕನಿಗೆ ಈ ಏಳು ದಿನದ ಲೆಕ್ಕ ಯಾರು ಹೇಳಬೇಕು? ಮನೆಯ ಇ-ಸ್ವತ್ತು ದಾಖಲೆಗಾಗಿ ಅವನು ಅಲೆಯುವುದೇ ಏಳು ತಿಂಗಳು.

ಕಾವಲು ಕಾಯುವವರ ಕಥೆಯನ್ನೂ ಹುಡುಗನಿಗೆ ಹೇಳಿದೆ, ಚುಟುಕಾಗಿ. 1984ರಲ್ಲಿ ಲೋಕಾಯುಕ್ತ ಕಾಯ್ದೆ, 1986ರಲ್ಲಿ ಅದು ಜಾರಿ. ನ್ಯಾಯಮೂರ್ತಿ ವೆಂಕಟಾಚಲ ಅವರು 2001ರಿಂದ ಐದು ವರ್ಷ ಕಚೇರಿ ಕಚೇರಿಗೆ ನುಗ್ಗಿದ ಕಾಲದಲ್ಲಿ ನಮ್ಮಂಥವರು ಡ್ರಾಯರಿನ ಬೀಗದ ಕೈಯನ್ನು ಜನಿವಾರಕ್ಕೆ, ಶಿವದಾರಕ್ಕೆ ಕಟ್ಟಿಕೊಳ್ಳುತ್ತಿದ್ದೆವು ಎಂದರೆ ಸುಳ್ಳಲ್ಲ. ಆಮೇಲೆ ಸಂತೋಷ್ ಹೆಗ್ಡೆ ಅವರ ಕಾಲ, 2011ರ ಅಕ್ರಮ ಗಣಿಗಾರಿಕೆಯ ವರದಿ. ಅದೇ ಸಂಸ್ಥೆಯ ಮೇಲೆಯೇ 2015ರಲ್ಲಿ ಆರೋಪ ಬಂದು ಲೋಕಾಯುಕ್ತರು ರಾಜೀನಾಮೆ ಕೊಟ್ಟರು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ತಂದು ಲೋಕಾಯುಕ್ತದ ಹಲ್ಲು ಕಿತ್ತಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನೇ ರದ್ದು ಮಾಡಿ ಹಲ್ಲನ್ನು ಮರಳಿ ಕೊಡಿಸಿತು. ನೌಕರನ ಕಣ್ಣಿನಿಂದ ನೋಡಿದರೆ ಆರು ವರ್ಷ ಊರಿಗೆ ಎರಡು ನಾಯಿ, ಯಾವುದು ಬೊಗಳುತ್ತದೆ ಯಾವುದು ಕಚ್ಚುತ್ತದೆ ತಿಳಿಯದ ಸ್ಥಿತಿ. ಕಳ್ಳನಿಗೆ ಅದಕ್ಕಿಂತ ಸುಖದ ಕಾಲ ಇನ್ನೊಂದಿಲ್ಲ.

ಇನ್ನು, ಲೋಕಾಯುಕ್ತ ತನಿಖೆ ಮಾಡಿ ವರದಿ ಕೊಡುತ್ತದೆ, ಶಿಕ್ಷೆ ಕೊಡುವುದಿಲ್ಲ. ಶಿಫಾರಸು ಬಂದ ಮೇಲೆ ಕ್ರಮ ಕೈಗೊಳ್ಳಬೇಕಾದವನು ಸಕ್ಷಮ ಪ್ರಾಧಿಕಾರ. ಏನು ಕ್ರಮ ಎಂದು ಮೂರು ತಿಂಗಳಲ್ಲಿ ತಿಳಿಸಬೇಕು. ಆ ಪ್ರಾಧಿಕಾರದ ಮೇಜಿಗೂ ಚಹಾ ಬರುತ್ತದೆ, ಅವನ ಮನೆಯಲ್ಲೂ ಉಡಿ ತುಂಬಿಸಿಕೊಳ್ಳುವವರಿದ್ದಾರೆ.

ಇಷ್ಟೆಲ್ಲ ನೌಕರನ ಮಾತಾಯಿತು. ಚುನಾಯಿತ ಸದಸ್ಯನ ಮಾತು ಬೇರೆ. ಅವನಿಗೆ ನಡತೆ ನಿಯಮ ಅನ್ವಯಿಸುವುದಿಲ್ಲ, ಅನರ್ಹತೆಯ ಕಲಮು ಅನ್ವಯಿಸುತ್ತದೆ. ತನಗೆ ಹಣದ ಹಿತಾಸಕ್ತಿ ಇರುವ ವಿಷಯ ಸಭೆಗೆ ಬಂದರೆ ಅವನು ಚರ್ಚೆ ಮಾಡಬಾರದು, ಮತ ಹಾಕಬಾರದು. ಸಂಸ್ಥೆಯ ಗುತ್ತಿಗೆಯಲ್ಲಿ ಸ್ವತಃ ಆಗಲಿ ಮತ್ತೊಬ್ಬರ ಮೂಲಕವಾಗಲಿ ಪಾಲು ಇರಬಾರದು. ಮಹಾನಗರ ಪಾಲಿಕೆಯ ಸದಸ್ಯನಾದರೆ 1976ರ ಕಾಯ್ದೆಯ ಪ್ರಕಾರ ತನ್ನ ಹಾಗೂ ಕುಟುಂಬದ ಆಸ್ತಿಯ ವಿವರವನ್ನು ವರ್ಷವರ್ಷವೂ ಮೇಯರ್ ಅವರಿಗೆ ಸಲ್ಲಿಸಬೇಕು. ಈ ಕಲಮುಗಳು ಬಹಳ ಕಾಲ ಪುಸ್ತಕದಲ್ಲಿ ನಿದ್ದೆ ಮಾಡುತ್ತಿದ್ದವು. ಎಚ್ಚರಗೊಂಡದ್ದನ್ನು ನಮ್ಮ ಕಡೆಯವರು ನೋಡಿದ್ದು ಬೆಳಗಾವಿಯಲ್ಲಿ. ತಿಲಕವಾಡಿಯ ‘ತಿನಿಸು ಕಟ್ಟೆ’ಯ ಮಳಿಗೆಗಳು ಪಾಲಿಕೆಯ ಇಬ್ಬರು ಸದಸ್ಯರ ಪತ್ನಿಯರ ಹೆಸರಿನಲ್ಲಿವೆ ಎಂಬ ದೂರಿನ ಮೇಲೆ 2025ರ ಫೆಬ್ರುವರಿಯಲ್ಲಿ ಪ್ರಾದೇಶಿಕ ಆಯುಕ್ತರು ಇಬ್ಬರ ಸದಸ್ಯತ್ವವನ್ನೂ ರದ್ದುಪಡಿಸಿದರು. ಪ್ರಕರಣ ಮುಂದೆ ಸರ್ಕಾರಕ್ಕೂ ಹೈಕೋರ್ಟಿಗೂ ಹೋಯಿತು. ಯಾರದು ಸರಿ, ಯಾರದು ತಪ್ಪು ಎಂಬುದಕ್ಕೆ ನಾನು ಕೈಹಾಕುವುದಿಲ್ಲ, ಅದಕ್ಕೆ ನ್ಯಾಯಾಲಯ ಇದೆ. ನನ್ನ ಗಮನ ಸೆಳೆದದ್ದು ಊರಿನ ಮಾತು. ಆ ದಿನಗಳಲ್ಲಿ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಪತ್ರಿಕೆ ಮಡಚುತ್ತ ಹೇಳಿದರು: “ಹೆಂಡತಿಯ ಹೆಸರಿನಲ್ಲಿ ಇಟ್ಟದ್ದಕ್ಕೆ ಸಿಕ್ಕಿತು. ಷಡ್ಡಕನ ಹೆಸರಿನಲ್ಲಿ ಇಟ್ಟಿದ್ದರೆ?”

ಅವರು ಹಾಸ್ಯಕ್ಕೆ ಹೇಳಿದ್ದಲ್ಲ. ಕಾನೂನಿನ ಕಣ್ಣು ಹೆಂಡತಿ ಮಕ್ಕಳವರೆಗೆ ಸರಿಯಾಗಿ ಕಾಣುತ್ತದೆ. ಅದರಾಚೆ ಅಳಿಯ, ಬೀಗ, ಷಡ್ಡಕ, ಅಕ್ಕರೆಯ ಅಕ್ಕ ಎಲ್ಲ ಮಂಜು ಮಂಜು. ನಮ್ಮ ಊರುಗಳಲ್ಲಿ ಕೆಲಸ ನಡೆಯುವುದೇ ಆ ಮಂಜಿನಲ್ಲಿ.

ವಿಚಿತ್ರವೆಂದರೆ ಈ ಮಂಜನ್ನು ಚೊಕ್ಕವಾಗಿ ಲೆಕ್ಕ ಇಡುವ ಪುಸ್ತಕ ನಮ್ಮ ಪ್ರತಿ ಮನೆಯಲ್ಲೂ ಇದೆ. ಮದುವೆಯ ಮುಯ್ಯಿ ಪುಸ್ತಕ. ನಮ್ಮ ಕಡೆ ಆಯೇರಿ ಎನ್ನುತ್ತಾರೆ. ನನ್ನ ಮಗಳ ಮದುವೆಯದು ಈಗಲೂ ಕಪಾಟಿನಲ್ಲಿದೆ. ಮೇಲೆ ‘ಶ್ರೀ’, ಕೆಳಗೆ ಹೆಸರು, ಊರು, 51, 101, ಸ್ಟೀಲಿನ ಡಬ್ಬಿ, ಖಣ ಒಂದು. ಯಾರ ಮನೆಯ ಮದುವೆಗೆ ಹೊರಟರೂ ಹೆಂಡತಿ ಮೊದಲು ಆ ಪುಸ್ತಕ ತೆಗೆಯುತ್ತಾಳೆ. ಅವರು 101 ಮಾಡಿದ್ದಾರೆ, ನಾವು 151 ಮಾಡೋಣ ಎನ್ನುತ್ತಾಳೆ. ಮಾಡಿದ ಮುಯ್ಯಿ ಮರಳಬೇಕು, ಸ್ವಲ್ಪ ಹೆಚ್ಚಾಗಿಯೇ ಮರಳಬೇಕು ಎಂಬುದು ನಮ್ಮಲ್ಲಿ ಮಗುವಿಗೂ ಗೊತ್ತು. ಹೀಗಿರುವಾಗ, ಅಧಿಕಾರದ ಕುರ್ಚಿಯಲ್ಲಿ ಕುಳಿತವನ ಮನೆಗೆ ಬಂದ ಖಣ ಮಾತ್ರ ಬರಿಯ ಖಣ ಎಂದು ನಾವೆಲ್ಲ ನಂಬಿದಂತೆ ನಟಿಸುತ್ತೇವೆ. ನಾನೂ ಮರಳಿಸಿದೆನಲ್ಲ, 60 ರೂಪಾಯಿಯ ಖಣಕ್ಕೆ 16 ಮೀಟರ್ ಚರಂಡಿ. ನನ್ನ ಕಿಸೆಯಿಂದಲ್ಲ, ಆ ಹೆಂಗಸಿನ ಅಂಗಳದಿಂದ.

ಕೊನೆಯ ಪಂಚಾಯಿತಿಯಲ್ಲಿ ಇದ್ದಾಗ ನನಗೊಂದು ಹುಚ್ಚು ಹಿಡಿಯಿತು. 200 ಪುಟದ ಒಂದು ನೋಟ್‌ಬುಕ್ ತಂದು ಸಭೆಯ ಮೇಜಿನ ಮೇಲಿಟ್ಟೆ. ಯಾವುದೇ ಕಾಮಗಾರಿಯ ವಿಷಯ ಬಂದಾಗ ಆ ಗುತ್ತಿಗೆದಾರ ನಿಮಗೆ ಏನಾಗಬೇಕು ಎಂದು ಸದಸ್ಯರು ಬರೆದು ಸಹಿ ಮಾಡಬೇಕು, ನಾನೂ ಮಾಡುತ್ತೇನೆ ಎಂದೆ. ಯಾವ ಸುತ್ತೋಲೆಯಲ್ಲೂ ಇಲ್ಲದ ಪುಸ್ತಕ. ಅಧ್ಯಕ್ಷೆ ಒಪ್ಪಿದರು. ಅವರು ಗಂಡನನ್ನು ಸಭೆಗೆ ಕರೆತರದೆ ತಾವೇ ಬರುತ್ತಿದ್ದ ಅಪರೂಪದ ಅಧ್ಯಕ್ಷೆ. ಮೊದಲ ಸಭೆಯಲ್ಲಿ ಮೂವರು ಬರೆದರು. ಒಬ್ಬರು ‘ಅಳಿಯನ ತಮ್ಮ’ ಎಂದು ಬರೆದು ಚರ್ಚೆಯ ಹೊತ್ತಿನಲ್ಲಿ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಅವರ ಮೇಲೆ ನನಗೆ ಇಂದಿಗೂ ಗೌರವ. ಎರಡನೆಯ ಸಭೆಯಲ್ಲಿ ಒಬ್ಬ ಸದಸ್ಯರು ‘ಇಡೀ ಊರೇ ನನ್ನ ಬೀಗರು’ ಎಂದು ಬರೆದು ದಪ್ಪ ಅಕ್ಷರದಲ್ಲಿ ಸಹಿ ಮಾಡಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಮೂರನೆಯ ಸಭೆಗೆ ಪುಸ್ತಕ ಕಾಣಲಿಲ್ಲ. ಹುಡುಕಿದಾಗ ನೀರಗಂಟಿಯ ಹತ್ತಿರ ಸಿಕ್ಕಿತು, ಯಾವ ಓಣಿಗೆ ಎಷ್ಟು ಹೊತ್ತಿಗೆ ವಾಲ್ವ್ ತೆಗೆದೆ ಎಂದು ಬರೆದಿಟ್ಟಿದ್ದ. ಆ ಪುಸ್ತಕದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಬರಹ ಅದೇ. ಅವನಿಗೆ ಐದು ತಿಂಗಳಿಂದ ಪಗಾರ ಆಗಿರಲಿಲ್ಲ ಎಂಬುದನ್ನು ಇಲ್ಲಿ ಸೇರಿಸದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ.

ಆ ಸಭಾಂಗಣಗಳಲ್ಲಿ ಈಗ ಬಸವಣ್ಣನವರ ಭಾವಚಿತ್ರವಿದೆ. 2024ರಲ್ಲಿ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು, ಕಚೇರಿ ಕಚೇರಿಯಲ್ಲೂ ಚಿತ್ರ ಬಂತು. ಕೂಡಲಸಂಗಮದ ಜಿಲ್ಲೆಯವರಾದ ನಮಗೆ ಸಂತೋಷವೇ. ಆದರೆ ಅವರು ಬಿಜ್ಜಳನ ಭಂಡಾರಿಯಾಗಿದ್ದವರು, ರಾಜ್ಯದ ಲೆಕ್ಕ ನೋಡಿದವರು ಎಂಬುದನ್ನು ಚಿತ್ರ ತೂಗುಹಾಕಿದವರು ಯೋಚಿಸಿದರೋ ಇಲ್ಲವೋ. ಬಹಳ ಕಡೆ ಚಿತ್ರದ ನೇರ ಕೆಳಗೇ ಡ್ರಾಯರ್ ಇದೆ.

ಹುಡುಗ ಕೇಳಿದ, “ಹಾಗಾದರೆ ಯಾರು ಕಾಯಬೇಕು ಕಾಕಾ?” ಅವನು ಓದಿಕೊಂಡು ಬಂದಿದ್ದ. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಇದೆ, ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಮಾಹಿತಿ ಹಕ್ಕು ಇದೆ, 10 ರೂಪಾಯಿ ಶುಲ್ಕ, 30 ದಿನ, ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು. ಮೇಲ್ಮನವಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ. ಉದ್ಯೋಗ ಖಾತರಿಗೆ ಸಾಮಾಜಿಕ ಪರಿಶೋಧನೆ, ದೂರು ಕೇಳುವ ಓಂಬುಡ್ಸ್‌ಮನ್. ಎಲ್ಲವನ್ನೂ ಬೆರಳು ಮಡಚಿ ಎಣಿಸಿದ. ಪರೀಕ್ಷೆಯಲ್ಲಿ ಅಂಕ ಬಂದದ್ದು ಸುಮ್ಮನೆ ಅಲ್ಲ.

ಎಲ್ಲವೂ ಬೇಕು, ಒಂದನ್ನೂ ಹಗುರವಾಗಿ ಕಾಣಬೇಡ ಎಂದೆ. ಮಾಹಿತಿ ಹಕ್ಕಿನ ಅರ್ಜಿ ಬಂದರೆ ಬೈಯುವ ಸಹೋದ್ಯೋಗಿಗಳು ಸಿಗುತ್ತಾರೆ. ಅವರಲ್ಲಿ ಕೆಲವರು ಹೇಳುವುದು ನಿಜವೂ ಇರುತ್ತದೆ, ಅರ್ಜಿ ಹಾಕಿ ಆಮೇಲೆ ಚೌಕಾಸಿಗೆ ಬರುವವರನ್ನು ನಾನೂ ಕಂಡಿದ್ದೇನೆ. ಆದರೂ ಅರ್ಜಿಗೆ ಉತ್ತರ ಕೊಡು. ಆದರೆ ನನ್ನನ್ನು ಹಿಡಿದದ್ದು ಇವು ಯಾವುವೂ ಅಲ್ಲ. ಲೋಕಾಯುಕ್ತದ ನಮೂನೆ ತುಂಬಿ, ಪ್ರಮಾಣಪತ್ರ ಮಾಡಿಸಿ ದೂರು ಕೊಡುವುದು ಆ ಹೆಂಗಸಿಗೆ ಸಾಧ್ಯವಿರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ಪುಸ್ತಕದಲ್ಲಿ ಬರೆದದ್ದನ್ನು ಅವಳ ಕಿವಿಗೆ ಬೀಳುವಂತೆ ಯಾರೋ ಗಟ್ಟಿಯಾಗಿ ಓದಿದರು, ಅದೇ ಸಾಕಾಯಿತು. ಓದಿದವನು ನಾನೇ ಎಂಬುದು ಬೇರೆ ಮಾತು. ಅವಳಿಗೂ ಮುಲಾಜು ಇರಲಿಲ್ಲವೆಂದಲ್ಲ. ಗುತ್ತಿಗೆದಾರ ಅವಳ ಓಣಿಯವನೇ. ಆದರೆ ಮುಲಾಜು ಎಷ್ಟೇ ಇದ್ದರೂ ಬಾಗಿಲ ಮುಂದಿನ ನೀರು ನಾರುತ್ತಿತ್ತು.

“ನಿನ್ನ ಜಮಾಬಂದಿ ಆಗಸ್ಟ್‌ನಲ್ಲಿ ಬರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಇಡಬೇಡ, ಹೆಂಗಸರು ಹೊಲದಲ್ಲಿ ಇರುತ್ತಾರೆ. ಮೈಕ್ ಇರಲಿ. ಮೀಟರ್ ಎಷ್ಟು ಎಂದಷ್ಟೇ ಓದಬೇಡ, ಯಾರ ಮನೆಯಿಂದ ಯಾರ ಮನೆಯವರೆಗೆ ಎಂದು ಓದು. ಒಂದು ಟೇಪ್ ಕೊಂಡುಕೋ, ಪಂಚಾಯಿತಿಯ ದುಡ್ಡಿನಲ್ಲಿ, ರಸೀದಿ ಇಟ್ಟುಕೋ” ಎಂದೆ. ಮೊಬೈಲಿನಲ್ಲಿ ಬರೆದುಕೊಂಡ.

“ಚಹಾ?”

“ಕುಡಿ. ದುಡ್ಡು ನೀನೇ ಕೊಡು.”

ಹೆಂಡತಿ ಖಣವನ್ನು ಮತ್ತೆ ಟ್ರಂಕಿಗೆ ಹಾಕಿದಳು. ಅವನಿಗೆ ಮದುವೆ ಗೊತ್ತಾದರೆ ಹೆಣ್ಣಿಗೆ ಕೊಡುತ್ತೀಯಾ ಎಂದು ತಮಾಷೆಗೆ ಕೇಳಿದೆ. ನನ್ನ ಮುಖ ನೋಡಿದಳಷ್ಟೇ.

ಕೆಲಸಕ್ಕೆ ಸೇರಿದ ನಾಲ್ಕನೆಯ ದಿನ ಅವನ ಫೋನು ಬಂತು. ಧ್ವನಿಯಲ್ಲಿ ಒಂದು ಬಗೆಯ ಸಂಕಟ, ಒಂದು ಬಗೆಯ ನಗು.

“ಕಾಕಾ, ಎದುರಿನ ಹೋಟೆಲಿಗೆ ನಾನೇ ಹೋದೆ. ಚಹಾ ಕುಡಿದೆ. ದುಡ್ಡು ಕೊಟ್ಟರೆ ಹೋಟೆಲಿನವರು ತೆಗೆದುಕೊಳ್ಳಲೇ ಇಲ್ಲ. ಹೊಸ ಸಾಹೇಬರಿಂದ ಬೋಣಿಗೆ ತೆಗೆದುಕೊಳ್ಳುವುದಿಲ್ಲ ಎಂದರು. ಮೇಜಿನ ಮೇಲಿಟ್ಟು ಬಂದೆ. ಹುಡುಗನ ಕೈಯಲ್ಲಿ ಕಚೇರಿಗೆ ವಾಪಸು ಕಳಿಸಿದರು, ಜೊತೆಗೆ ಎರಡು ಬಿಸ್ಕತ್ತು.”

“ಆ ಹೋಟೆಲು ಯಾರ ಜಾಗದಲ್ಲಿದೆ?” ಎಂದೆ.

“ಪಂಚಾಯಿತಿಯ ಮಳಿಗೆ.”

“ಬಾಡಿಗೆ ಎಷ್ಟು ತಿಂಗಳದು ಬಾಕಿ ಇದೆ, ನೋಡು.”

“ನೋಡಿದೆ ಕಾಕಾ” ಎಂದ. “22.”